ಊ ಇದ್ದಲ್ಲಿ ನಕ್ಷತ್ರ, ಓ ಇದ್ದಲ್ಲಿ ಕೂಡು: ರಿಲೇ ಲಾಜಿಕ್ ಬರೆಯುವ ಬಗೆ

ರಿಲೇ ಅಂದರೆ ಕರೆಂಟನ್ನು ನೋಡುತ್ತಾ ಇದ್ದು, ತೊಂದರೆಯಾದರೆ ಬ್ರೇಕರ್ ತೆರೆಯಲು ಹೇಳುವ ಪೆಟ್ಟಿಗೆ. ಅದರ ಮುಂದೆ ಲ್ಯಾಪ್‌ಟಾಪ್ ತೆರೆದ ಕೂಡಲೇ ಸಮೀಕರಣ ಟೈಪ್ ಮಾಡಲು ಹೋಗಬೇಡಿ. ಮೊದಲು ಒಂದು ಕಾಗದ, ಒಂದು ಪೆನ್ನು ತಗೊಳ್ಳಿ. ಬ್ರೇಕರ್ ಯಾವಾಗ ಬೀಳಬೇಕು, ಅಂದರೆ ತೆರೆದು ಕರೆಂಟ್ ಕಡಿಯಬೇಕು, ಅನ್ನುವುದನ್ನು ಕನ್ನಡದಲ್ಲಿ ಒಂದು ವಾಕ್ಯ ಮಾಡಿ ಬರೆಯಿರಿ. ಅದರ ಕೆಳಗೆ, ಯಾವಾಗ ಬೀಳಲೇಬಾರದು ಅನ್ನುವುದನ್ನೂ ಒಂದು ವಾಕ್ಯ ಮಾಡಿ ಬರೆಯಿರಿ. ಈ ಎರಡನೆಯ ವಾಕ್ಯವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಾನೂ ಬಿಟ್ಟಿದ್ದೆ. ಅದರಿಂದ ಮಲ್ಪೆಯಲ್ಲಿ ಒಂದು ರಾತ್ರಿ ಏನಾಯಿತು ಅಂತ ಮುಂದೆ ಹೇಳುತ್ತೇನೆ.

ನಾನು ಉಡುಪಿ, ಮಂಗಳೂರು ಕಡೆ ರಿಲೇ ಟೆಸ್ಟಿಂಗ್ ಮತ್ತು ಕಮಿಷನಿಂಗ್ ಕೆಲಸ ಮಾಡುವವಳು. ಬೈಕಂಪಾಡಿಯ ಕಾರ್ಖಾನೆ, ಮಲ್ಪೆಯ ಐಸ್ ಪ್ಲಾಂಟ್, ಮಣಿಪಾಲದ ದೊಡ್ಡ ಕಟ್ಟಡ, ಹೀಗೆ 11 ಕೆವಿ ಬೋರ್ಡ್ ಎಲ್ಲಿ ಉಂಟೋ ಅಲ್ಲಿ ರಿಲೇಗೆ ಕರೆಂಟ್ ಕೊಟ್ಟು ಪರೀಕ್ಷಿಸುವ ನನ್ನ ಇಂಜೆಕ್ಷನ್ ಕಿಟ್ ಹೋಗುತ್ತದೆ. ಡಿಪ್ಲೊಮಾ ಮುಗಿಸಿ ಹೊಸದಾಗಿ ಬರುವ ಹುಡುಗರು, ಹುಡುಗಿಯರು ನನ್ನ ಜೊತೆ ಕಲಿಯುತ್ತಾರೆ. ಅವರಿಗೆ ಆ್ಯಂಡ್ ಗೇಟ್, ಆರ್ ಗೇಟ್ ಗೊತ್ತಿರುತ್ತದೆ. ರಿಲೇಯ ಮ್ಯಾನುಯಲ್ ಓದಲೂ ಬರುತ್ತದೆ. ಆದರೆ "ಇನ್‌ಕಮರ್ ಯಾವಾಗ ಬೀಳಬೇಕು ಹೇಳು" ಅಂದರೆ ಬಾಯಿ ಕಟ್ಟುತ್ತದೆ. (ಇನ್‌ಕಮರ್ ಅಂದರೆ ಇಡೀ ಬೋರ್ಡ್‌ಗೆ ಕರೆಂಟ್ ಒಳತರುವ ಬ್ರೇಕರ್. ಅಲ್ಲಿಂದ ಹೊರಗೆ ಹೋಗುವ ಒಂದೊಂದು ಕವಲು ಫೀಡರ್.) ಈ ಬರಹ ಅವರಿಗಾಗಿ.

ಇಲ್ಲಿ ನಾನು ಎಸ್‌ಇಎಲ್ ಕಂಪನಿಯ 351 ರಿಲೇಯ ಶೈಲಿಯಲ್ಲಿ ಬರೆಯುತ್ತೇನೆ. ಅವರು ಈ ಸಮೀಕರಣಗಳಿಗೆ ಸೆಲಾಜಿಕ್ ಅನ್ನುತ್ತಾರೆ. ರಿಲೇಯ ಒಳಗೆ ಬಿಟ್‌ಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರುತ್ತದೆ. ಓದಲು ಸುಲಭ ಆಗಲಿ ಅಂತ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಬೇರೆ ಕಂಪನಿಯ ರಿಲೇಗಳಲ್ಲಿ ಗೇಟ್‌ಗಳ ಚಿತ್ರ ಎಳೆದು ಜೋಡಿಸಬೇಕಾಗಬಹುದು. ಯೋಚನೆ ಒಂದೇ.

ಬಿಟ್ ಅಂದರೆ ಹೌದು ಅಥವಾ ಇಲ್ಲ. 1 ಅಥವಾ 0. ರಿಲೇ ಕ್ಷಣಕ್ಷಣಕ್ಕೂ ನೂರಾರು ಪ್ರಶ್ನೆಗಳಿಗೆ ಹೌದು, ಇಲ್ಲ ಅಂತ ಉತ್ತರ ಬರೆದುಕೊಳ್ಳುತ್ತಾ ಇರುತ್ತದೆ. 52ಎ ಅಂದರೆ ಬ್ರೇಕರ್ ಹಾಕಿದೆಯಾ? ಐಎನ್101 ಅಂದರೆ ಮೊದಲ ಇನ್‌ಪುಟ್‌ಗೆ ಡಿಸಿ (ಬ್ಯಾಟರಿಯ ವೋಲ್ಟೇಜ್) ಬಂದಿದೆಯಾ? 50ಪಿ1 ಅಂದರೆ ಯಾವುದಾದರೂ ಫೇಸಿನ ಕರೆಂಟ್ ಮೊದಲ ಮಿತಿ ದಾಟಿದೆಯಾ? ನಿಮ್ಮ ಕೆಲಸ ಈ ಉತ್ತರಗಳನ್ನು ಜೋಡಿಸಿ ಒಂದು ತೀರ್ಮಾನ ಮಾಡುವುದು, ಅಷ್ಟೇ.

ಜೋಡಿಸಲು ಮೂರು ಗುರುತು ಸಾಕು. ನಕ್ಷತ್ರ (*), ಕೂಡು (+), ಉದ್ಗಾರ (!). ಇವುಗಳನ್ನು ನಾನು ಕಲಿಸುವುದು ಗೇಟಿನ ಚಿತ್ರದಿಂದ ಅಲ್ಲ, ನಾವು ಮಾತಾಡುವ ಕನ್ನಡದಿಂದ. "ಟ್ರಿಪ್ಪೂ ಬಂದಿದೆ, ಕರೆಂಟೂ ಇದೆ" ಅಂತ ಹೇಳುತ್ತೇವಲ್ವಾ? ಆ ಊ ಬಂದ ಕಡೆ ನಕ್ಷತ್ರ. "ಫೇಸ್ ಫಾಲ್ಟೋ ಅರ್ತ್ ಫಾಲ್ಟೋ ಆದರೆ" ಅನ್ನುತ್ತೇವೆ. ಆ ಓ ಬಂದ ಕಡೆ ಕೂಡು. "ಇಲ್ಲ" ಅಂದ ಕಡೆ ಉದ್ಗಾರ. ನಿಮ್ಮ ವಾಕ್ಯದಲ್ಲಿ ಊ, ಓ, ಇಲ್ಲ ಸರಿಯಾದ ಜಾಗದಲ್ಲಿ ಬಿದ್ದಿದ್ದರೆ ಸಮೀಕರಣ ತಾನಾಗಿಯೇ ಬರುತ್ತದೆ. ಹೊಸ ಮಾದರಿಗಳಲ್ಲಿ, ಉದಾಹರಣೆಗೆ 751ರಲ್ಲಿ, ಗುರುತಿನ ಬದಲು ಆ್ಯಂಡ್, ಆರ್, ನಾಟ್ ಅಂತ ಪದಗಳನ್ನೇ ಬರೆಯಬೇಕು.

ಇದು ಕಂಪ್ಯೂಟರ್ ಕಾಲದಲ್ಲಿ ಹುಟ್ಟಿದ್ದಲ್ಲ. ಜಾರ್ಜ್ ಬೂಲ್ ಈ ಗಣಿತ ಕಟ್ಟಿದ್ದು 19ನೇ ಶತಮಾನದಲ್ಲಿ. 1937ರಲ್ಲಿ ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಕ್ಲಾಡ್ ಶಾನನ್, ರಿಲೇ ಕಾಂಟ್ಯಾಕ್ಟ್‌ಗಳ ಜೋಡಣೆಯೂ ಇದೇ ಗಣಿತ ಅಂತ ತನ್ನ ಪ್ರಬಂಧದಲ್ಲಿ ತೋರಿಸಿದ. ಎರಡು ಕಾಂಟ್ಯಾಕ್ಟ್ ಸೀರೀಸ್‌ನಲ್ಲಿ ಇದ್ದರೆ ನಕ್ಷತ್ರ, ಪ್ಯಾರಲಲ್‌ನಲ್ಲಿ ಇದ್ದರೆ ಕೂಡು. ಹಳೆಯ ಎಲೆಕ್ಟ್ರೋಮೆಕ್ಯಾನಿಕಲ್ ಪ್ಯಾನಲ್‌ನ ವೈರಿಂಗ್ ಡ್ರಾಯಿಂಗ್ ಓದಲು ಬರುವವರಿಗೆ ಈ ಸಮೀಕರಣ ಒಂದು ಗಂಟೆಯ ಪಾಠ. ವಯಸ್ಸಾದ ಎಲೆಕ್ಟ್ರಿಷಿಯನ್‌ಗಳು ಹುಡುಗರಿಗಿಂತ ಬೇಗ ಹಿಡಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಈಗ ಮೊದಲ ಸಮೀಕರಣ. ಒಂದು ಟ್ರಾನ್ಸ್‌ಫಾರ್ಮರ್‌ಗೆ ಹೋಗುವ 11 ಕೆವಿ ಫೀಡರ್ ಅಂದುಕೊಳ್ಳಿ. ವಾಕ್ಯ ಹೀಗೆ: ಫೇಸ್ ಓವರ್‌ಕರೆಂಟಿನ ಸಮಯ ಮುಗಿದರೋ, ಅರ್ತ್ ಫಾಲ್ಟಿನ ಸಮಯ ಮುಗಿದರೋ, ಕರೆಂಟ್ ತುಂಬಾ ಜಾಸ್ತಿಯಾದರೋ, ಬೀಳು.

ಟಿಆರ್ = 51ಪಿಟಿ + 51ಜಿಟಿ + 50ಪಿ1

ಟಿಆರ್ ಅಂದರೆ ಟ್ರಿಪ್, ಬ್ರೇಕರ್ ಬೀಳಿಸುವ ಸಮೀಕರಣ. 51 ಸಮಯ ಕಾದು ಬೀಳಿಸುವುದು, 50 ತಟ್ಟನೆ. ಪಿ ಫೇಸ್, ಜಿ ಅರ್ತ್. ಇಲ್ಲಿ 51ಪಿಟಿ, 51ಜಿಟಿಗಳ ಕೊನೆಯ ಟಿ ಅಕ್ಷರವನ್ನು ಕಣ್ಣಿಟ್ಟು ನೋಡಿ. 51ಪಿ ಅಂದರೆ ಕರೆಂಟ್ ಪಿಕಪ್ ದಾಟಿದೆ, ಲೆಕ್ಕ ಶುರುವಾಗಿದೆ ಅಂತ. 51ಪಿಟಿ ಅಂದರೆ ಕರ್ವ್ (ಎಷ್ಟು ಕರೆಂಟಿಗೆ ಎಷ್ಟು ಹೊತ್ತು ಅನ್ನುವ ಗೆರೆ) ಹೇಳಿದಷ್ಟು ಸಮಯ ಮುಗಿದಿದೆ ಅಂತ. ಆ ಒಂದು ಟಿ ಬಿಟ್ಟುಹೋದರೆ ರಿಲೇ ಕಾಯುವುದೇ ಇಲ್ಲ. ದೊಡ್ಡ ಮೋಟಾರ್ ಶುರು ಮಾಡಿದ ಕೂಡಲೇ ಬ್ರೇಕರ್ ಬೀಳುತ್ತದೆ. ರಿಲೇ ತಪ್ಪು ಅಂತ ಹೇಳುವುದಿಲ್ಲ, ಯಾಕೆಂದರೆ 51ಪಿ ಕೂಡ ಸರಿಯಾದ ಹೆಸರೇ. ನಾನು ಪ್ರತಿ ಸಮೀಕರಣದ ಮೇಲೂ ಬೆರಳಿಟ್ಟು ಟಿ ಇದೆಯಾ, ಇರಬೇಕಾ ಅಂತ ಎರಡು ಸಲ ಓದುತ್ತೇನೆ.

ತೋಟಗಳ ಮೇಲೆ ಹಾದುಹೋಗುವ ಓವರ್‌ಹೆಡ್ ಲೈನ್ ಆದರೆ, ಬಿದ್ದ ಬ್ರೇಕರ್ ತಾನೇ ಮತ್ತೆ ಹಾಕಿಕೊಳ್ಳುವ ರಿಕ್ಲೋಸಿಂಗ್ ಇದ್ದರೆ, ಇನ್ನೊಂದು ಚಂದದ ಉಪಾಯ ಉಂಟು. 50ಪಿ1 ಅನ್ನು ಒಂಟಿಯಾಗಿ ಬರೆಯುವ ಬದಲು 50ಪಿ1 * ಎಸ್‌ಎಚ್0 ಅಂತ ಬರೆಯುವುದು. ಎಸ್‌ಎಚ್0 ಅಂದರೆ ಇನ್ನೂ ಒಂದು ಸಲವೂ ರಿಕ್ಲೋಸ್ ಆಗಿಲ್ಲ ಅಂತ. ತೆಂಗಿನ ಮಡಲು ಲೈನಿಗೆ ತಾಗಿತು ಅಂದುಕೊಳ್ಳಿ. ಮೊದಲ ಸಲ ಬ್ರೇಕರ್ ತಟ್ಟನೆ ಬೀಳುತ್ತದೆ, ಮತ್ತೆ ಹಾಕಿಕೊಳ್ಳುತ್ತದೆ. ಮಡಲು ಕೆಳಗೆ ಬಿದ್ದುಹೋಗಿದ್ದರೆ ಅಲ್ಲಿಗೆ ಮುಗಿಯಿತು. ಇನ್ನೂ ಅಲ್ಲೇ ನೇತಾಡುತ್ತಿದ್ದರೆ ಎರಡನೇ ಸಲ ವೇಗದ ಟ್ರಿಪ್ ಇಲ್ಲ, ನಿಧಾನದ ಕರ್ವ್ ಮಾತ್ರ. ಅಷ್ಟರಲ್ಲಿ ಆ ಕವಲಿನ ಫ್ಯೂಸ್ ಹೋಗುತ್ತದೆ, ಉಳಿದ ಊರಿಗೆ ಕರೆಂಟ್ ಉಳಿಯುತ್ತದೆ. ಒಂದು ನಕ್ಷತ್ರದ ಕೆಲಸ ಇದು.

ಟ್ರಿಪ್ ಬಂದ ಮೇಲೆ ಅದು ಯಾವಾಗ ಬಿಡಬೇಕು ಅನ್ನುವುದಕ್ಕೆ ಇನ್ನೊಂದು ಸಮೀಕರಣ ಬೇಕು. ಟಿಆರ್ ಒಮ್ಮೆ 1 ಆದರೆ ಟ್ರಿಪ್ ಅನ್ನುವ ಬಿಟ್ ಹಿಡಿದುಕೊಳ್ಳುತ್ತದೆ. ಯುಎಲ್‌ಟಿಆರ್ ಹೇಳುವ ತನಕ ಬಿಡುವುದಿಲ್ಲ. ಫೇಸ್ ಕರೆಂಟೂ ಇಲ್ಲ, ಅರ್ತ್ ಕರೆಂಟೂ ಇಲ್ಲ, ಬ್ರೇಕರ್ ಹಾಕಿಯೂ ಇಲ್ಲ ಅಂದಾಗ ಬಿಡಲಿ:

ಯುಎಲ್‌ಟಿಆರ್ = !51ಪಿ * !51ಜಿ * !52ಎ

ಇದನ್ನೇ !(51ಪಿ + 51ಜಿ + 52ಎ) ಅಂತಲೂ ಬರೆಯಬಹುದು. ಎರಡೂ ಒಂದೇ. ತಪ್ಪುವುದು ಎಲ್ಲಿ ಅಂದರೆ, ಬ್ರ್ಯಾಕೆಟ್ ಬಿಡಿಸುವಾಗ !51ಪಿ + !51ಜಿ + !52ಎ ಅಂತ ಬರೆದುಬಿಡುತ್ತಾರೆ. ಕನ್ನಡದಲ್ಲಿ ಹೇಳಿ ನೋಡಿ. "ಇದೋ ಅದೋ ಯಾವುದೋ ಒಂದು ಇಲ್ಲದಿದ್ದರೆ ಸಾಕು" ಅಂತ ಆಗುತ್ತದೆ. ನಮಗೆ ಬೇಕಾದ್ದು "ಯಾವುದೂ ಇಲ್ಲ". ಬಾಯಿಬಿಟ್ಟು ಹೇಳಿದರೆ ಈ ತಪ್ಪು ಕಿವಿಗೇ ಗೊತ್ತಾಗುತ್ತದೆ.

52ಎ ಅನ್ನು ಇಲ್ಲಿ ಸೇರಿಸಿದ್ದಕ್ಕೆ ಕಾರಣ ಇದೆ. ಟ್ರಿಪ್ ಕಾಯಿಲ್‌ನ ಡಿಸಿ ಕರೆಂಟನ್ನು ಕಡಿಯಬೇಕಾದ್ದು ಬ್ರೇಕರ್‌ನದೇ ಆಕ್ಸಿಲರಿ ಕಾಂಟ್ಯಾಕ್ಟ್. ರಿಲೇಯ ಪುಟ್ಟ ಕಾಂಟ್ಯಾಕ್ಟ್ ಮೊದಲೇ ಬಿಟ್ಟರೆ ಆ ಕಿಡಿ ಅದರ ಮೇಲೇ ಬೀಳುತ್ತದೆ, ಸುಟ್ಟುಹೋಗುತ್ತದೆ.

ಈಗ ಬ್ರೇಕರ್ ಫೇಲ್ಯೂರ್. ನಾನು ಜಾಸ್ತಿ ಹೊತ್ತು ಕೂರಬೇಕು ಅನ್ನುವುದು ಇಲ್ಲಿ.

ಫೀಡರ್ ರಿಲೇ ಟ್ರಿಪ್ ಕೊಟ್ಟಿತು. ಬ್ರೇಕರ್‌ನ ಯಂತ್ರ ಸಿಕ್ಕಿಕೊಂಡು ತೆರೆಯಲಿಲ್ಲ. ಆಗ ಮೇಲಿನ ಇನ್‌ಕಮರ್ ಆದರೂ ಬೀಳಬೇಕು. ವಾಕ್ಯ: ಟ್ರಿಪ್ಪೂ ಬಂದಿದೆ, ಕರೆಂಟೂ ಇನ್ನೂ ಹರಿಯುತ್ತಿದೆ, ಹೀಗೇ 200 ಮಿಲಿಸೆಕೆಂಡ್ ಕಳೆದರೆ ಇನ್‌ಕಮರ್ ಬೀಳಿಸು. ಟ್ರಿಪ್ ನಡುವೆ ಬಿಟ್ಟುಹೋದರೂ ಕರೆಂಟ್ ಇರುವಷ್ಟು ಹೊತ್ತು ಲೆಕ್ಕ ನಿಲ್ಲಬಾರದು. ಹಾಗಾಗಿ ಹಳೆಯ ನೆನಪನ್ನು ಸೇರಿಸಿಕೊಳ್ಳಬೇಕು:

ಎಸ್‌ವಿ1 = (ಎಸ್‌ವಿ1 + ಟ್ರಿಪ್) * (50ಪಿ2 + 50ಜಿ2)
ಔಟ್103 = ಎಸ್‌ವಿ1ಟಿ

50ಪಿ2, 50ಜಿ2 ಅಂದರೆ ಫೇಸ್, ಅರ್ತ್ ಕರೆಂಟ್ ಎರಡನೇ ಮಿತಿ ದಾಟಿದೆ ಅಂತ. ಔಟ್103 ಇನ್‌ಕಮರ್ ಬೀಳಿಸಲು ಹೋಗುವ ಔಟ್‌ಪುಟ್ ಕಾಂಟ್ಯಾಕ್ಟ್. ಎಸ್‌ವಿ1 ಒಂದು ಟೈಮರ್‌ನ ಬಾಗಿಲು. ಎಸ್‌ವಿ1ಟಿ ಅದರ ಆಚೆ ಬದಿ. ಈ ಮಾದರಿಯಲ್ಲಿ ಸಮಯವನ್ನು ಸೈಕಲ್‌ನಲ್ಲಿ ಕೊಡಬೇಕು. ನಮ್ಮ 50 ಹರ್ಟ್ಸ್‌ನಲ್ಲಿ ಒಂದು ಸೈಕಲ್ ಅಂದರೆ 20 ಮಿಲಿಸೆಕೆಂಡ್, ಹಾಗಾಗಿ ಟೈಮರ್ ಕಾಯುವ ಪಿಕಪ್ ಟೈಮ್ 10. ಕೆಲವು ಹೊಸ ಮಾದರಿಗಳಲ್ಲಿ ಸೆಕೆಂಡ್‌ನಲ್ಲಿ ಕೊಡಬೇಕು, ಅಲ್ಲಿ 0.20. ಒಂದರ ಸೆಟ್ಟಿಂಗ್ ನೋಡಿ ಇನ್ನೊಂದಕ್ಕೆ ಹಾಕಿದರೆ 10 ಸೆಕೆಂಡ್ ಆಗಿಬಿಡುತ್ತದೆ. 200 ಎಲ್ಲಿಂದ ಬಂತು? ವ್ಯಾಕ್ಯೂಮ್ ಬ್ರೇಕರ್ ಕರೆಂಟ್ ಕಡಿಯಲು ಸುಮಾರು 60 ಮಿಲಿಸೆಕೆಂಡ್ ಅಂತ ಹಿಡಿಯಿರಿ. 50ಪಿ2 ಬಿಡಲು ಒಂದು ಸೈಕಲ್ ಚಿಲ್ಲರೆ. ಬ್ರೇಕರ್ ತೆರೆದ ಮೇಲೂ ಸಿಟಿಯ (ಲೈನಿನ ಕರೆಂಟನ್ನು ರಿಲೇಗೆ ಇಳಿಸಿ ಕೊಡುವ ಟ್ರಾನ್ಸ್‌ಫಾರ್ಮರ್‌ನ) ಒಳಗೆ ಉಳಿದ ಕರೆಂಟ್ ಸ್ವಲ್ಪ ಹೊತ್ತು ಇಳಿಯುತ್ತಾ ಹೋಗುತ್ತದೆ, ಅದಕ್ಕೂ ಜಾಗ ಬಿಡಬೇಕು. ಉಳಿದದ್ದು ಮಾರ್ಜಿನ್. 50ಪಿ2 ಅನ್ನು ಕಡಿಮೆ ಇಡಿ. ಸಿಟಿ 200/1 ಇದ್ದರೆ 0.2 ಆಂಪಿಯರ್, ಅಂದರೆ ಲೈನಿನಲ್ಲಿ 40 ಆಂಪಿಯರ್. ಲೋಡ್ ಕರೆಂಟಿಗಿಂತ ಕಡಿಮೆ ಇದ್ದರೂ ತೊಂದರೆ ಇಲ್ಲ, ಟ್ರಿಪ್ ಬರದೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಈಗ ಆ ರಾತ್ರಿಯ ಕಥೆ. ಮಲ್ಪೆ ಹತ್ತಿರ ಮೀನು ಫ್ರೀಜ್ ಮಾಡುವ ಒಂದು ಘಟಕ. ಒಂದು ಇನ್‌ಕಮರ್, ಮೂರು ಫೀಡರ್. ಬೇಸಿಗೆಯಲ್ಲಿ ಸೆಟ್ಟಿಂಗ್ ನಾನೇ ಹಾಕಿ ಬಂದಿದ್ದೆ. ಜೂನ್ ಮೊದಲ ವಾರ, ರಾತ್ರಿ ಹತ್ತೂವರೆಗೆ ಅಲ್ಲಿನ ಶಿಫ್ಟ್ ಎಲೆಕ್ಟ್ರಿಷಿಯನ್ ಹುಡುಗ ಫೋನ್ ಮಾಡಿದ. "ಅಕ್ಕಾ, ಐಸ್ ಪ್ಲಾಂಟ್ ಫೀಡರ್ ಬಿತ್ತು. ಅದರ ಜೊತೆ ಇನ್‌ಕಮರ್ ಕೂಡ ಬಿತ್ತು. ಈಗ ಇನ್‌ಕಮರ್ ನಿಲ್ತಾ ಇಲ್ಲ. ಹಾಕಿದ ಕೂಡಲೇ ಬೀಳ್ತದೆ." ನಾನು ಹೇಳಿದೆ, "ಇನ್ನು ಹಾಕ್ಬೇಡ ಮಾರಾಯ, ನಾನು ಬರ್ತೇನೆ."

ಕಟಪಾಡಿಯಿಂದ ಹೊರಟು, ಉದ್ಯಾವರ ದಾಟಿ, ಕರಾವಳಿ ಬೈಪಾಸ್‌ನಲ್ಲಿ ಎಡಕ್ಕೆ ತಿರುಗುವಷ್ಟರಲ್ಲಿ ವೈಪರ್ ಸಾಲದಷ್ಟು ಮಳೆ. ದಾರಿಯುದ್ದಕ್ಕೂ ಕೇಬಲ್ ಬಗ್ಗೆಯೇ ಯೋಚಿಸುತ್ತಿದ್ದೆ. ಘಟಕದಲ್ಲಿ ಡಿಜಿ (ಡೀಸೆಲ್ ಜನರೇಟರ್) ಇತ್ತು, ಆದರೆ ಕೋಲ್ಡ್ ರೂಮಿಗೆ ಮಾತ್ರ ಸಾಲುವಷ್ಟು. ಮೈನಸ್ 18 ಡಿಗ್ರಿಯಲ್ಲಿ ಇರಬೇಕಾದ ಸರಕು ಒಳಗೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಫೀಡರ್ ತೆರೆದೇ ಇತ್ತು. ಕರೆಂಟ್ ಸೊನ್ನೆ. ಕೇಬಲ್ ಜಾಯಿಂಟ್‌ಗೆ ನೀರು ಹೋಗಿ ಅರ್ತ್ ಫಾಲ್ಟ್ ಆಗಿತ್ತು, ಫೀಡರ್ ಬ್ರೇಕರ್ ಸರಿಯಾಗಿಯೇ ತೆರೆದಿತ್ತು. ಹಾಗಾದರೆ ಇನ್‌ಕಮರ್ ಯಾಕೆ? ಇನ್‌ಕಮರ್ ರಿಲೇ ನೋಡಿದರೆ ಬ್ರೇಕರ್ ಫೇಲ್ಯೂರ್ ಇನ್‌ಪುಟ್ 1 ಅಂತ ತೋರಿಸುತ್ತಿತ್ತು. ಫೀಡರ್ ರಿಲೇಗೆ ಲ್ಯಾಪ್‌ಟಾಪ್ ಹಾಕಿ ಬಿಟ್‌ಗಳನ್ನು ತೋರಿಸುವ ಟಿಎಆರ್ ಕಮ್ಯಾಂಡ್ ಕೊಟ್ಟು ಎಸ್‌ವಿ1 ಕೇಳಿದೆ. 1. ಬ್ರೇಕರ್ ತೆರೆದು ಒಂದೂವರೆ ಗಂಟೆ ಆಗಿದೆ, ಕರೆಂಟ್ ಇಲ್ಲ, ಆದರೂ 1. ಲಾಜಿಕ್ ಸೆಟ್ಟಿಂಗ್ ತೆರೆದೆ. ನನ್ನದೇ ಸಾಲು:

ಎಸ್‌ವಿ1 = ಎಸ್‌ವಿ1 + ಟ್ರಿಪ್ * (50ಪಿ2 + 50ಜಿ2)

ಮೊದಲ ಬ್ರ್ಯಾಕೆಟ್ ಇಲ್ಲ. ರಿಲೇ ಲೆಕ್ಕ ಮಾಡುವ ಕ್ರಮ ಹೀಗೆ: ಬ್ರ್ಯಾಕೆಟ್ ಹಾಕದಿದ್ದರೆ ಮೊದಲು ಉದ್ಗಾರ, ಆಮೇಲೆ ನಕ್ಷತ್ರ, ಕೊನೆಗೆ ಕೂಡು. ಹಾಗಾಗಿ ಈ ಸಾಲಿನ ಅರ್ಥ "ಮೊದಲೇ 1 ಇದ್ದರೋ, ಅಥವಾ ಟ್ರಿಪ್ಪೂ ಕರೆಂಟೂ ಇದ್ದರೋ, 1". ಒಮ್ಮೆ 1 ಆದರೆ ತನ್ನನ್ನು ತಾನೇ ನೋಡಿಕೊಂಡು ಸದಾ 1. ಕರೆಂಟ್ ಹೋದರೂ ಬಿಡುವುದಿಲ್ಲ. 200 ಮಿಲಿಸೆಕೆಂಡ್ ಆದ ಮೇಲೆ ಔಟ್103 ಮುಚ್ಚಿತು, ಇನ್‌ಕಮರ್ ಬಿತ್ತು. 110 ವೋಲ್ಟ್ ಬ್ಯಾಟರಿ ಚೆನ್ನಾಗಿದ್ದ ಕಾರಣ ರಿಲೇ ಆ ತಪ್ಪು ನೆನಪನ್ನು ಇಟ್ಟುಕೊಂಡೇ ಇತ್ತು. ಇನ್‌ಕಮರ್ ಹಾಕಿದಷ್ಟೂ ಸಲ ಬೀಳಿಸುತ್ತಿತ್ತು.

ನಾನು ಟೆಸ್ಟ್ ಮಾಡಿರಲಿಲ್ಲ ಅಂತಲ್ಲ. ಮಾಡಿದ್ದೆ. ಕಿಟ್‌ನಿಂದ ಕರೆಂಟ್ ಕೊಟ್ಟು, ಟ್ರಿಪ್ ಬಂದ ಮೇಲೂ ಕರೆಂಟ್ ನಿಲ್ಲಿಸದೆ, ಸರಿಯಾಗಿ 200 ಮಿಲಿಸೆಕೆಂಡಿಗೆ ಔಟ್103 ಬರುವುದನ್ನು ನೋಡಿ ಸಹಿ ಹಾಕಿದ್ದೆ. ಬ್ರೇಕರ್ ಸಿಕ್ಕಿಕೊಂಡ ಸಂದರ್ಭಕ್ಕೆ ಆ ಸಾಲು ಸರಿಯಾಗಿಯೇ ಕೆಲಸ ಮಾಡುತ್ತದೆ. ಬ್ರೇಕರ್ ಚೆನ್ನಾಗಿ ತೆರೆದ ಸಂದರ್ಭವನ್ನು ನಾನು ಟೆಸ್ಟ್ ಮಾಡಲೇ ಇಲ್ಲ. ಅಂದು 51ರ ಟೈಮಿಂಗ್ ನೋಡುವಾಗಲೂ ಔಟ್103 ಮುಚ್ಚಿಕೊಂಡಿರಲೇಬೇಕು. ಅದರ ಲಿಂಕ್ (ವೈರನ್ನು ಬಿಡಿಸುವ ಟರ್ಮಿನಲ್ ಕೊಂಡಿ) ತೆಗೆದಿಟ್ಟಿದ್ದೆ, ಕಿಟ್‌ಗೆ ಆ ವೈರ್ ಕೊಟ್ಟಿರಲಿಲ್ಲ, ನೋಡಲಿಲ್ಲ. ಕೆಲಸ ಮುಗಿಸಿ ರಿಲೇಯ ಡಿಸಿ ಆಫ್ ಮಾಡಿ ಆನ್ ಮಾಡಿದಾಗ ಎಸ್‌ವಿ1 ಅಳಿಸಿಹೋಗಿತ್ತು. ತಪ್ಪು ಮಳೆಗಾಲದ ತನಕ ಸುಮ್ನೆ ಕಾದು ಕೂತಿತ್ತು.

ಬ್ರ್ಯಾಕೆಟ್ ಹಾಕಿದೆ, ಸೇವ್ ಮಾಡಿದೆ, ಕಿಟ್ ಇಳಿಸಿ ಎರಡೂ ಸಂದರ್ಭ ಟೆಸ್ಟ್ ಮಾಡಿದೆ. ಒಂದು ಗಂಟೆ ರಾತ್ರಿಗೆ ಇನ್‌ಕಮರ್ ನಿಂತಿತು. ಅಂದಿನಿಂದ ಬ್ರೇಕರ್ ಫೇಲ್ಯೂರ್‌ಗೆ ನಾನು ಐದು ಟೆಸ್ಟ್ ಮಾಡುತ್ತೇನೆ. ಐದರಲ್ಲಿ ಮೂರು "ಬೀಳಬಾರದು" ಅನ್ನುವವು.

ಮೊದಲನೆಯದು, ಟ್ರಿಪ್ ಬಂದು ಕರೆಂಟ್ ನಿಲ್ಲದೆ ಇರುವುದು. 200ಕ್ಕೆ ಔಟ್103 ಬರಬೇಕು. ಎರಡನೆಯದು, ಟ್ರಿಪ್ ಬಂದು 60 ಮಿಲಿಸೆಕೆಂಡಿಗೆ ಕರೆಂಟ್ ನಿಲ್ಲುವುದು. ಔಟ್103 ಬರಬಾರದು, ಎಸ್‌ವಿ1 ತಿರುಗಿ 0 ಆಗಬೇಕು. ಮೂರನೆಯದು, ಟ್ರಿಪ್ ಇಲ್ಲದೆ ಬರೀ ಲೋಡ್ ಕರೆಂಟ್. ಏನೂ ಆಗಬಾರದು. ನಾಲ್ಕನೆಯದು, ಕರೆಂಟ್ ಇಲ್ಲದೆ ಬರೀ ಟ್ರಿಪ್. ಏನೂ ಆಗಬಾರದು. ಐದನೆಯದು, ಟ್ರಿಪ್ ಒಂದು ಕ್ಷಣ ಬಂದು ಹೋಗಿ, ಕರೆಂಟ್ ಉಳಿಯುವುದು. ಬರಬೇಕು. ಎರಡನೆಯದಕ್ಕೆ ಕಿಟ್‌ನಲ್ಲಿ ಮೂರು ಹಂತದ ಸೀಕ್ವೆನ್ಸ್ ಮಾಡಿಕೊಳ್ಳಿ: ಲೋಡ್, ಫಾಲ್ಟ್, ಸೊನ್ನೆ. ಟ್ರಿಪ್ ಕಾಂಟ್ಯಾಕ್ಟ್ ಕಿಟ್‌ಗೆ ತಲುಪಿದ 60 ಮಿಲಿಸೆಕೆಂಡಿಗೆ ಮೂರನೇ ಹಂತಕ್ಕೆ ಹೋಗಲಿ. ಸೊನ್ನೆಯ ಹಂತವನ್ನು ಎರಡು ಸೆಕೆಂಡ್ ಇಟ್ಟುಕೊಳ್ಳಿ, ತಡವಾಗಿ ಬರುವ ತಪ್ಪು ಅದರಲ್ಲಿ ಸಿಗುತ್ತದೆ.

ನಾಲ್ಕನೆಯ ಟೆಸ್ಟ್ ಒಂದು ಪ್ರಶ್ನೆ ಎತ್ತುತ್ತದೆ. ಟ್ರಾನ್ಸ್‌ಫಾರ್ಮರ್‌ನ ಆಯಿಲ್ ಟೆಂಪರೇಚರ್ ಟ್ರಿಪ್ ಬಂದಾಗ ಕರೆಂಟ್ 40 ಆಂಪಿಯರ್‌ಗಿಂತ ಕಡಿಮೆ ಇರಬಹುದು. ಆಗ ಬ್ರೇಕರ್ ಸಿಕ್ಕಿಕೊಂಡರೂ ಈ ಲಾಜಿಕ್‌ಗೆ ಗೊತ್ತಾಗುವುದಿಲ್ಲ. ಅಂಥ ಟ್ರಿಪ್‌ಗಳಿಗೆ ಬೇರೆ ಎಸ್‌ವಿ ತಗೊಂಡು, ಕರೆಂಟ್ ಜಾಗದಲ್ಲಿ 52ಎ ಇಟ್ಟು, ಸಮಯ ಸ್ವಲ್ಪ ಜಾಸ್ತಿ ಕೊಡಿ. ಎರಡನ್ನೂ ಒಂದೇ ಸಾಲಿಗೆ ತುರುಕಬೇಡಿ. ಕೆಲವು ಹಳೆಯ ಮಾದರಿಗಳು ಬ್ರ್ಯಾಕೆಟ್ ಒಳಗೆ ಬ್ರ್ಯಾಕೆಟ್ ಹಾಕಲೂ ಬಿಡುವುದಿಲ್ಲ. ಒಳಗಿನ ಭಾಗಕ್ಕೆ ಒಂದು ಎಸ್‌ವಿ ಕೊಟ್ಟು, ಅದನ್ನು ಹೊರಗೆ ಬಳಸುವುದೇ ಓದಲೂ ಚಂದ, ಟೆಸ್ಟ್ ಮಾಡಲೂ ಸುಲಭ.

ಟೆಂಪರೇಚರ್ ಟ್ರಿಪ್ ಅಂದಾಗ ನಮ್ಮ ಕರಾವಳಿಯ ದೊಡ್ಡ ಸಮಸ್ಯೆ ನೆನಪಾಗುತ್ತದೆ. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ. ಟ್ರಾನ್ಸ್‌ಫಾರ್ಮರ್ ಪಕ್ಕದ ಮಾರ್ಷಲಿಂಗ್ ಬಾಕ್ಸ್ (ಅದರ ವೈರ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ತೆರೆದರೆ ಟರ್ಮಿನಲ್‌ಗಳು ಹಸಿರುಗಟ್ಟಿರುತ್ತವೆ. ಸ್ಪೇಸ್ ಹೀಟರ್ ಇರುತ್ತದೆ, ಅದರ ಎಂಸಿಬಿಯನ್ನು ಯಾರೋ ಆಫ್ ಮಾಡಿರುತ್ತಾರೆ. ಅಲ್ಲಿಂದ ಬರುವ ಪ್ರತಿ ಇನ್‌ಪುಟ್‌ಗೂ ಈ ಪ್ರಶ್ನೆ ಕೇಳಿ: ವೈರ್ ತುಂಡಾದರೆ ಏನಾಗುತ್ತದೆ? ಡಿಸಿ ಹೋದರೆ ಏನಾಗುತ್ತದೆ?

ಕಾಂಟ್ಯಾಕ್ಟ್ ಸಾಮಾನ್ಯವಾಗಿ ಮುಚ್ಚಿದ್ದು, ಬಿಸಿಯಾದರೆ ತೆರೆಯುತ್ತದೆ ಅಂದುಕೊಳ್ಳಿ. ಆಗ ನೀವು !ಐಎನ್105 ಅಂತ ಬರೆಯುತ್ತೀರಿ. ವೈರ್ ತುಂಡಾದರೂ ಅದು 1. ಆ ಇನ್‌ಪುಟ್‌ನ ಡಿಸಿ ಎಂಸಿಬಿ ಬಿದ್ದರೂ 1. ಟ್ರಾನ್ಸ್‌ಫಾರ್ಮರ್ ತಣ್ಣಗಿದ್ದರೂ ಫೀಡರ್ ಬೀಳುತ್ತದೆ. ಕಾಂಟ್ಯಾಕ್ಟ್ ಬದಲಾಯಿಸಲು ಆಗುವುದಿಲ್ಲ ಅಂತಾದರೆ, ಅದೇ ಎಂಸಿಬಿಯ ಆಚೆಯಿಂದ ಇನ್ನೊಂದು ಇನ್‌ಪುಟ್‌ಗೆ ನೇರ ಡಿಸಿ ತಗೊಳ್ಳಿ. ಡಿಸಿ ಇದೆ ಅಂತ ಸಾಕ್ಷಿ ಹೇಳುವುದು ಅದರ ಕೆಲಸ:

ಎಸ್‌ವಿ2 = !ಐಎನ್105 * ಐಎನ್106

ಪಿಕಪ್ 5 ಸೈಕಲ್ ಇಡಿ. ಡಿಸಿ ಹೋಗುವಾಗ ಒಂದು ಇನ್‌ಪುಟ್ ಇನ್ನೊಂದಕ್ಕಿಂತ ಸ್ವಲ್ಪ ಮೊದಲು ಬಿಡಬಹುದು, ಆ ಸಂದಿಯಲ್ಲಿ ಟ್ರಿಪ್ ಆಗಬಾರದು. ಇದರಿಂದ ಡಿಸಿ ಹೋದ ಪ್ರಶ್ನೆಗೆ ಮಾತ್ರ ಉತ್ತರ ಸಿಗುತ್ತದೆ. ವೈರ್ ತುಂಡಾದರೆ ಈಗಲೂ ಬೀಳುತ್ತದೆ, ಅದು ಮಾಲೀಕರಿಗೆ ಒಪ್ಪಿಗೆಯಾ ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ. ಇಂಟರ್‌ಲಾಕ್‌ಗಳಲ್ಲಿ ಮಾತ್ರ ನನ್ನ ಹಠ ಒಂದೇ: "ಹಾಕಬಹುದು" ಅನ್ನುವ ಒಪ್ಪಿಗೆ ಯಾವತ್ತೂ 1ರಿಂದ ಬರಬೇಕು. ಉದ್ಗಾರದಿಂದ ಬರುವ ಒಪ್ಪಿಗೆ ತುಂಡಾದ ವೈರ್‌ನಿಂದಲೂ ಬರುತ್ತದೆ. ಆ ಬ್ರೇಕರ್ ಆಚೆ ಯಾರೋ ಕೆಲಸ ಮಾಡುತ್ತಿರುತ್ತಾರೆ.

ನೆನಪು ಬೇಕಾದಾಗ ಲ್ಯಾಚ್ ಬಳಸಿ. ಸೆಟ್1 ಬಂದರೆ ಎಲ್‌ಟಿ1 1 ಆಗುತ್ತದೆ, ಆರ್‌ಎಸ್‌ಟಿ1 ಬಂದರೆ 0. ಎರಡೂ ಒಟ್ಟಿಗೆ ಬಂದರೆ 351ರಲ್ಲಿ ರೀಸೆಟ್ ಗೆಲ್ಲುತ್ತದೆ. ಎಸ್‌ವಿಗಿಂತ ಭಿನ್ನವಾಗಿ, ಲ್ಯಾಚ್ ಡಿಸಿ ಹೋಗಿ ಬಂದರೂ ನೆನಪು ಉಳಿಸಿಕೊಳ್ಳುತ್ತದೆ. ಯಾರಾದರೂ ಬಂದು ಬಿಡಿಸುವ ತನಕ ಬ್ರೇಕರ್ ಹಾಕಲು ಬಿಡದ ಲಾಕೌಟ್‌ಗೆ ಇದೇ ಬೇಕು. ಆದರೆ ಆ ನೆನಪು ಬರೆಯುವ ಚಿಪ್‌ಗೆ ಆಯುಷ್ಯ ಇದೆ, ದಿನವಿಡೀ ಆಗಿ ಹೋಗುವ ಸಂಗತಿಗೆಲ್ಲ ಲ್ಯಾಚ್ ಬೇಡ.

ಒಂದೇ ಬಟನ್‌ನಿಂದ ಆನ್, ಆಫ್ ಎರಡೂ ಮಾಡಬೇಕು ಅಂದರೆ:

ಸೆಟ್1 = /ಐಎನ್104 * !ಎಲ್‌ಟಿ1
ಆರ್‌ಎಸ್‌ಟಿ1 = /ಐಎನ್104 * ಎಲ್‌ಟಿ1

ಆ ಓರೆ ಗೆರೆ "ಒತ್ತಿದ ಕ್ಷಣ" ಅನ್ನುತ್ತದೆ. ಗೆರೆ ಇಲ್ಲದಿದ್ದರೆ "ಒತ್ತಿ ಹಿಡಿದಿರುವಷ್ಟು ಹೊತ್ತು" ಅಂತ ಆಗುತ್ತದೆ. ಈ ರಿಲೇ ಕಾಲು ಸೈಕಲ್‌ಗೆ ಒಮ್ಮೆ, ಅಂದರೆ 5 ಮಿಲಿಸೆಕೆಂಡಿಗೆ ಒಮ್ಮೆ ಎಲ್ಲ ಸಮೀಕರಣ ಲೆಕ್ಕ ಮಾಡುತ್ತದೆ. ನೀವು ಬಟನ್ ಒಂದು ಸೆಕೆಂಡ್ ಒತ್ತಿದರೆ ಲ್ಯಾಚ್ 200 ಸಲ ಆಚೀಚೆ ಆಗುತ್ತದೆ. ಬಿಟ್ಟಾಗ ಎಲ್ಲಿ ನಿಲ್ಲುತ್ತದೋ ಹೇಳಲು ಆಗದು.

ಟೆಸ್ಟ್ ಶುರು ಮಾಡುವ ಮೊದಲು ಲಿಂಕ್‌ಗಳ ವಿಷಯ. ಸಿಟಿಯ ಸೆಕೆಂಡರಿಯನ್ನು ಮೊದಲು ಶಾರ್ಟ್ ಮಾಡಿ, ಆಮೇಲೆ ಮಾತ್ರ ಲಿಂಕ್ ತೆರೆಯಿರಿ. ಲೋಡ್ ಇರುವಾಗ ಸಿಟಿ ತೆರೆದರೆ ಪ್ರಾಣಕ್ಕೇ ಅಪಾಯ. ಇನ್‌ಕಮರ್‌ಗೆ ಹೋಗುವ ಔಟ್103ರ ಲಿಂಕ್ ತೆಗೆಯಿರಿ, ತೆಗೆದದ್ದನ್ನು ಕಾಗದದಲ್ಲಿ ಬರೆಯಿರಿ, ಆ ಟರ್ಮಿನಲ್‌ನಿಂದ ಕಿಟ್‌ಗೆ ಒಂದು ವೈರ್ ಕೊಡಿ. ಲಿಂಕ್ ತೆಗೆದ ಔಟ್‌ಪುಟ್ ಅಂತ ಕಣ್ಣು ತೆಗೆಯಬೇಡಿ. ಎಸ್‌ವಿ1, ಎಸ್‌ವಿ1ಟಿ, ಟ್ರಿಪ್, 52ಎ, 50ಪಿ2, 50ಜಿ2, ಔಟ್103 ಎಲ್ಲವನ್ನೂ ಎಸ್‌ಇಆರ್ (ಬಿಟ್‌ಗಳ ಏರಿಳಿತವನ್ನು ಸಮಯದ ಜೊತೆ ಬರೆದಿಡುವ ದಾಖಲೆ) ಪಟ್ಟಿಗೆ ಸೇರಿಸಿ. ಪ್ರತಿ ಟೆಸ್ಟ್ ಆದ ಮೇಲೆ ಎಸ್‌ಇಆರ್ ತೆರೆದು, ಯಾವ ಬಿಟ್ ಯಾವಾಗ ಏರಿತು, ಯಾವಾಗ ಇಳಿಯಿತು ಅಂತ ಓದಿ. ಏರಿದ್ದು ಇಳಿದಿದೆಯಾ ಅಂತ ಪ್ರತಿ ಸಾಲಿಗೂ ಟಿಕ್ ಹಾಕಿ. ಅಂದು ಬೇಸಿಗೆಯಲ್ಲಿ ನಾನು ಇಷ್ಟು ಮಾಡಿದ್ದರೆ, ಎಸ್‌ವಿ1 ಏರಿದ ಸಾಲು ಸಿಗುತ್ತಿತ್ತು, ಇಳಿದ ಸಾಲು ಸಿಗುತ್ತಿರಲಿಲ್ಲ.

ಎಲ್ಲ ಆದ ಮೇಲೆ ರಿಲೇಯಿಂದಲೇ ಸೆಟ್ಟಿಂಗ್ ವಾಪಸ್ ಓದಿಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿರುವ ಫೈಲನ್ನು ಪ್ರಿಂಟ್ ಮಾಡಬೇಡಿ, ರಿಲೇಯಲ್ಲಿ ಇರುವುದನ್ನು ಪ್ರಿಂಟ್ ಮಾಡಿ. ಪ್ರತಿ ಸಮೀಕರಣದ ಪಕ್ಕದಲ್ಲಿ ನೀವು ಮೊದಲು ಬರೆದ ಕನ್ನಡ ವಾಕ್ಯಗಳನ್ನು ಬರೆಯಿರಿ, ಬೀಳಬೇಕಾದ್ದೂ, ಬೀಳಬಾರದ್ದೂ. ಅದನ್ನು ಲ್ಯಾಮಿನೇಟ್ ಮಾಡಿಸಿ, ಬರೀ ಕಾಗದ ಇಟ್ಟರೆ ಮಳೆಗಾಲದ ಆಟಿ ತಿಂಗಳಿಗೆ ಬೂಷ್ಟು ಹಿಡಿಯುತ್ತದೆ. ಪ್ಯಾನಲ್ ಬಾಗಿಲಿನ ಒಳಬದಿಯ ಡ್ರಾಯಿಂಗ್ ಪಾಕೆಟ್‌ನಲ್ಲಿ ಇಡಿ. ಮಲ್ಪೆಯ ಆ ಘಟಕದಲ್ಲಿ ಈಗ ಅದು ಇದೆ. ಕಳೆದ ಮಳೆಗಾಲದಲ್ಲಿ ಅದೇ ಹುಡುಗ ಫೋನ್ ಮಾಡಿ, "ಅಕ್ಕಾ, ಎರಡನೇ ಫೀಡರ್ ಬಿದ್ದಿದೆ, 51ಜಿಟಿ. ಎಸ್‌ವಿ1 ಸೊನ್ನೆ ಉಂಟು, ಇನ್‌ಕಮರ್ ನಿಂತಿದೆ. ಕೇಬಲ್ ಇನ್ಸುಲೇಷನ್ ಮೆಗರ್ ಮಾಡ್ಲಾ?" ಅಂತ ಕೇಳಿದ.